ಗಟ್ಟಿಮೇಳದ ಹೊತ್ತಿಗೆ ಮಗು ಕುಸಿದರೆ: ಆಟಿಸಂ ಇರುವ ಮಗುವಿನೊಂದಿಗೆ ಮದುವೆಮನೆಗೆ

‘ಗಟ್ಟಿಮೇಳ, ಗಟ್ಟಿಮೇಳ’ ಎಂದು ಪುರೋಹಿತರು ಕೈ ಎತ್ತುತ್ತಾರೆ. ನಾದಸ್ವರ, ಡೋಲು ಒಮ್ಮೆಗೇ ತಾರಕಕ್ಕೇರುತ್ತವೆ. ಕೂತವರೆಲ್ಲ ಎದ್ದು ನಿಲ್ಲುತ್ತಾರೆ, ಅಕ್ಷತೆ ಮೇಲಿಂದ ಉದುರುತ್ತದೆ, ವಿಡಿಯೊದವರ ದೀಪ ಕಣ್ಣಿಗೆ ಕುಕ್ಕುತ್ತದೆ. ಮೂರನೇ ಸಾಲಿನಲ್ಲಿದ್ದ ಮಗು ಕಿವಿ ಮುಚ್ಚಿಕೊಂಡು ನೆಲಕ್ಕೆ ಬಿದ್ದು ಕಿರುಚತೊಡಗುತ್ತದೆ. ಆಮೇಲೆ ನಡೆಯುವುದು ಎಲ್ಲ ಮದುವೆಮನೆಗಳಲ್ಲೂ ಹೆಚ್ಚುಕಡಿಮೆ ಒಂದೇ. ಒಬ್ಬರು ನೀರು ತರುತ್ತಾರೆ, ಒಬ್ಬರು ಮೊಬೈಲನ್ನು ಮುಖಕ್ಕೆ ಹಿಡಿಯುತ್ತಾರೆ, ಒಬ್ಬರು ದೃಷ್ಟಿ ತಾಗಿದೆ ಎನ್ನುತ್ತಾರೆ, ಇನ್ನೊಬ್ಬರು ‘ನಾಲ್ಕು ಬಿಟ್ಟರೆ ಸರಿಹೋಗುತ್ತೆ’ ಎನ್ನುತ್ತಾರೆ. ಅಮ್ಮನ ಕೈ ನಡುಗುತ್ತಿರುತ್ತದೆ, ಎದೆ ಹೊಡೆದುಕೊಳ್ಳುತ್ತಿರುತ್ತದೆ. ಆದರೂ ಆಕೆ ಮಗುವಿಗೆ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುತ್ತಾಳೆ. ಬೇಗ ಇಳಿಯಬಹುದಾಗಿದ್ದ ಸಂಕಟ ಹೀಗೆ ಎಳೆಯುತ್ತ ಹೋಗುತ್ತದೆ.

ಆಟಿಸಂ ಎಂದರೆ ಹುಟ್ಟಿನಿಂದಲೇ ಮಿದುಳು ಬೆಳೆಯುವ ರೀತಿಯಲ್ಲಿರುವ ವ್ಯತ್ಯಾಸ. ಅದಿರುವ ಮಗು ಹೀಗೆ ಕುಸಿಯುವುದಕ್ಕೆ ಮೆಲ್ಟ್‌ಡೌನ್ ಎನ್ನುತ್ತಾರೆ. ಇದು ಹಟವಲ್ಲ. ರಚ್ಚೆ ಹಿಡಿದ ಮಗು ನಡುನಡುವೆ ನಿಮ್ಮ ಮುಖ ನೋಡುತ್ತದೆ, ಕೇಳಿದ್ದು ಕೈಗೆ ಬಂದ ಕೂಡಲೇ ಸುಮ್ಮನಾಗುತ್ತದೆ. ಮೆಲ್ಟ್‌ಡೌನ್‌ನಲ್ಲಿರುವ ಮಗು ಯಾರು ನೋಡುತ್ತಿದ್ದಾರೆಂದು ಗಮನಿಸುವುದಿಲ್ಲ. ತನಗೆ ಪೆಟ್ಟಾಗುತ್ತದೆಂಬ ಎಚ್ಚರವೂ ಇರುವುದಿಲ್ಲ. ಬೇಕಾದದ್ದನ್ನು ಕೊಟ್ಟರೂ ನಿಲ್ಲುವುದಿಲ್ಲ, ಏಕೆಂದರೆ ಅದಕ್ಕೆ ಬೇಕಿದ್ದದ್ದು ವಸ್ತುವಲ್ಲ. ಸದ್ದು, ಬೆಳಕು, ವಾಸನೆ, ಮುಟ್ಟುವ ಕೈಗಳು ಎಲ್ಲವೂ ಒಟ್ಟಿಗೆ ನುಗ್ಗಿ, ಅದರ ಮಿದುಳು ತಾಳಿಕೊಳ್ಳುವ ಮಿತಿ ದಾಟಿದೆ. ಹೊಡೆತ, ಬೈಗುಳ, ಆಸೆ ತೋರಿಸುವುದು ಇಲ್ಲಿ ಕೆಲಸ ಮಾಡದಿರುವುದು ಇದಕ್ಕೇ. ಅವೂ ಆ ಹೊರೆಗೇ ಸೇರುತ್ತವೆ.

ಹಂತ 1: ಆಮಂತ್ರಣ ಪತ್ರಿಕೆ ಓದಿ

ಮುಹೂರ್ತದ ಸಮಯ ಅದರಲ್ಲೇ ಅಚ್ಚಾಗಿರುತ್ತದೆ. 10.45ರಿಂದ 11.30 ಎಂದಿದ್ದರೆ, ಇಡೀ ದಿನದ ಅತಿ ದೊಡ್ಡ ಸದ್ದು ಆ ಮುಕ್ಕಾಲು ಗಂಟೆಯೊಳಗೇ ಬರುತ್ತದೆ. 10.35ಕ್ಕೆ ಮಗು ಸಭಾಂಗಣದಿಂದ ಹೊರಗಿರಲಿ. ತಾಳಿ ಕಟ್ಟುವುದನ್ನು ಅದು ನೋಡಲೇಬೇಕಾಗಿಲ್ಲ.

ಊಟದ ಸಮಯವನ್ನೂ ಲೆಕ್ಕ ಹಾಕಿ. ಮನೆಯಲ್ಲಿ 12.30ಕ್ಕೆ ಉಣ್ಣುವ ಮಗುವಿಗೆ ಮೊದಲ ಪಂಕ್ತಿ ತಪ್ಪಿದರೆ ಎರಡು ಗಂಟೆಯಾಗುತ್ತದೆ. ಹಸಿವು ಮೆಲ್ಟ್‌ಡೌನ್‌ಗೆ ಅರ್ಧ ದಾರಿ. ಅದರದ್ದೇ ಡಬ್ಬಿಯಲ್ಲಿ, ಅದು ದಿನಾ ತಿನ್ನುವ ಮೊಸರನ್ನವನ್ನೇ ಒಯ್ಯಿರಿ. ‘ಮದುವೆಮನೆಗೆ ಡಬ್ಬಿ ತರುತ್ತಾರೆಯೇ’ ಎಂಬ ಮಾತು ಬಂದರೆ ಬರಲಿ.

ಬಟ್ಟೆ: ಒಗೆದು ಮೆತ್ತಗಾದ ಹತ್ತಿ ಬಟ್ಟೆ. ಜರಿ ಬೇಡ.

ಹಿಂದಿನ ವಾರ ಛತ್ರದ ನಾಲ್ಕೈದು ಫೋಟೊ ತರಿಸಿಕೊಂಡು ದಿನಾ ತೋರಿಸಿ: ಇದು ಬಾಗಿಲು, ಇದು ನಾವು ಕೂರುವ ಜಾಗ, ಇದು ಕೋಣೆ, ಇದು ವಾಪಸ್ ಬರುವ ಕಾರು. ‘ಮೊದಲು ಮದುವೆ, ಆಮೇಲೆ ಮನೆ’ ಎಂದು ಎರಡು ಚಿತ್ರ ಅಂಟಿಸಿದ ಕಾರ್ಡು ಜೇಬಿನಲ್ಲಿರಲಿ.

ಹಂತ 2: ಒಂದು ಕೋಣೆಯ ಬೀಗದ ಕೈ

ಹಿಂದಿನ ದಿನವೇ ಕೇಳಿ ಪಡೆಯಿರಿ. ಅಡುಗೆಮನೆ ಪಕ್ಕದ ಉಗ್ರಾಣ ಬೇಡ, ಒಗ್ಗರಣೆ ಘಾಟು ಬರುತ್ತದೆ. ಹಿತ್ತಿಲ ಕಡೆಯ ಕೋಣೆಗೆ ಜನರೇಟರ್ ಸದ್ದು ಇದೆಯೇ ಎಂದು ಕೇಳಿ ನೋಡಿ. ಕೋಣೆ ಸಿಗದಿದ್ದರೆ ಕಾರೂ ಆಗುತ್ತದೆ. ಆದರೆ ಮಗುವನ್ನು ಕಾರಿನಲ್ಲಿ ಒಂದು ನಿಮಿಷವೂ ಒಂಟಿಯಾಗಿ ಬಿಡಬೇಡಿ.

ಇಬ್ಬರು ದೊಡ್ಡವರು ಮೊದಲೇ ಕೆಲಸ ಹಂಚಿಕೊಳ್ಳಬೇಕು: ಒಬ್ಬರು ಮಗುವಿಗೆ, ಒಬ್ಬರು ಜನಕ್ಕೆ. ಈ ಒಪ್ಪಂದವಿಲ್ಲದೆ ಹೊರಡಲೇಬೇಡಿ. ಉಳಿದೆಲ್ಲ ಸಿದ್ಧತೆಗಿಂತ ಇದು ಮುಖ್ಯ.

ಹಂತ 3: ಮುನ್ಸೂಚನೆ

ಪ್ರತಿ ಮಗುವಿನದ್ದೂ ಬೇರೆ. ಕೈ ಕೊಡವುವುದು ಜೋರಾಗುತ್ತದೆ, ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತದೆ, ಕಿವಿ ಕೆಂಪಾಗುತ್ತದೆ, ಅಂಗಿ ಕಚ್ಚುತ್ತದೆ, ಇಲ್ಲವೇ ಇದ್ದಕ್ಕಿದ್ದಂತೆ ಕಲ್ಲಿನಂತೆ ಸುಮ್ಮನಾಗುತ್ತದೆ. ಈ ಕೊನೆಯದನ್ನು ‘ಪಾಪ, ಎಷ್ಟು ಚೆನ್ನಾಗಿ ಕೂತಿದೆ’ ಎಂದು ತಪ್ಪು ತಿಳಿಯುವವರೇ ಹೆಚ್ಚು. ಕೈ ಕೊಡವುವುದನ್ನು, ತೂಗಾಡುವುದನ್ನು ತಡೆಯಬೇಡಿ. ಅದು ಮಗು ತನ್ನನ್ನು ತಾನೇ ಸಂಭಾಳಿಸಿಕೊಳ್ಳುವ ರೀತಿ. ಲಕ್ಷಣ ಕಂಡ ಕೂಡಲೇ ಎದ್ದು ಹೊರನಡೆಯಿರಿ. ‘ಇನ್ನೈದು ನಿಮಿಷ, ಆರತಕ್ಷತೆ ಫೋಟೊ ಒಂದು ಆಗಲಿ’ ಎಂದು ತಡೆದ ಆ ಐದು ನಿಮಿಷದಲ್ಲೇ ಬಹುತೇಕ ಸಲ ಕೈಮೀರುವುದು.

ಹಂತ 4: ಉತ್ತುಂಗ

ಎಲ್ಲರೂ ಎಡವುವ ಜಾಗ ಇದು. ಆದ್ದರಿಂದ ನಿಧಾನವಾಗಿ ಓದಿ.

ಮೊದಲು ನಿಮ್ಮ ಉಸಿರು. ಮಗುವನ್ನು ಮುಟ್ಟುವ ಮೊದಲು ಒಂದು ಸಲ ಪೂರ್ತಿ ಉಸಿರು ಬಿಡಿ, ಭುಜ ಕೆಳಗಿಳಿಸಿ. ನಿಮ್ಮ ಏರಿದ ದನಿ, ಬಿಗಿದ ಕೈ, ಅವಸರದ ಹೆಜ್ಜೆ ಕೂಡ ಆ ಮಗುವಿಗೆ ಸದ್ದೇ.

ಅಪಾಯ ನೋಡಿ. ಹೋಮಕುಂಡ, ಮೆಟ್ಟಿಲು, ಬಿಸಿ ಸಾಂಬಾರಿನ ಕೊಳಗ, ರಸ್ತೆ ಹತ್ತಿರದಲ್ಲಿದ್ದರೆ ಮಾತ್ರ ಮಗುವನ್ನು ಎತ್ತಿ ಸರಿಸಿ. ಇಲ್ಲದಿದ್ದರೆ ಮಗು ಬಿದ್ದಲ್ಲೇ ಇರಲಿ, ಸುತ್ತಲಿನ ಕುರ್ಚಿಗಳನ್ನು ಸರಿಸಿ. ಎತ್ತಲೇಬೇಕಾದರೆ ಇಬ್ಬರು, ಎರಡು ಪಕ್ಕದಿಂದ. ಎದೆ, ಹೊಟ್ಟೆ, ಕುತ್ತಿಗೆ ಅದುಮಬಾರದು. ಬೋರಲು ಮಲಗಿಸಿ ಒತ್ತಿ ಹಿಡಿಯುವುದಂತೂ ಎಂದಿಗೂ ಕೂಡದು, ಉಸಿರು ಕಟ್ಟಿ ಪ್ರಾಣಕ್ಕೇ ಕುತ್ತಾಗಬಹುದು.

ತಲೆ ಬಡಿದುಕೊಳ್ಳುತ್ತಿದ್ದರೆ ತಲೆಯನ್ನು ಹಿಡಿಯಬೇಡಿ. ತಲೆಗೂ ನೆಲಕ್ಕೂ ನಡುವೆ ಮಡಿಸಿದ ಶಾಲು, ಜಮಖಾನ, ಏನೂ ಇಲ್ಲದಿದ್ದರೆ ನಿಮ್ಮ ಅಂಗೈ ತೂರಿಸಿ. ನಿಮ್ಮ ಕೈಯನ್ನು ಕಚ್ಚಿದರೆ ಎಳೆದುಕೊಳ್ಳಬೇಡಿ, ಎಳೆದರೆ ಚರ್ಮ ಹರಿಯುತ್ತದೆ. ಕೈಯನ್ನು ಮೆಲ್ಲಗೆ ಬಾಯಿಯ ಕಡೆಗೇ ಒತ್ತಿ, ದವಡೆ ತಾನಾಗಿ ಸಡಿಲುತ್ತದೆ. ಕೂದಲು ಹಿಡಿದರೂ ಹಾಗೆಯೇ: ಮಗುವಿನ ಮುಷ್ಟಿಯನ್ನು ನಿಮ್ಮ ತಲೆಗೇ ಒತ್ತಿ ಹಿಡಿದು ಸಡಿಲಾಗುವವರೆಗೆ ಕಾಯಿರಿ.

ಸದ್ದು, ಬೆಳಕು ಇಳಿಸಿ. ಕೋಣೆಯಲ್ಲಿದ್ದರೆ ದೀಪ ಆರಿಸಿ, ಬಾಗಿಲು ಮುಂದೆ ಮಾಡಿ, ಚಿಲಕ ಬೇಡ. ಫ್ಯಾನಿನ ಸದ್ದೇ ಆಗದ ಮಕ್ಕಳಿದ್ದಾರೆ. ಸೆಂಟು ಹಾಕಿಕೊಂಡವರು, ಮುಡಿತುಂಬ ಮಲ್ಲಿಗೆ ಮುಡಿದವರು ಸ್ವಲ್ಪ ದೂರವಿರಲಿ.

ಮಾತು ನಿಲ್ಲಿಸಿ. ‘ಏನಾಯ್ತು? ಏನ್ ಬೇಕು? ಯಾಕ್ ಹೀಗ್ ಮಾಡ್ತೀಯ?’ ಮೂರೂ ಬೇಡ. ಚೆನ್ನಾಗಿ ಮಾತಾಡುವ ಮಕ್ಕಳಿಗೂ ಈ ಹೊತ್ತಿನಲ್ಲಿ ಮಾತು ಅರ್ಥವಾಗುವುದು, ಉತ್ತರ ಹೊರಡುವುದು ಕಷ್ಟ. ‘ಅಮ್ಮ ಇಲ್ಲೇ ಇದ್ದೀನಿ’ ಎಂಬ ಒಂದೇ ಮಾತನ್ನು ತಗ್ಗಿದ ದನಿಯಲ್ಲಿ ಹೇಳಿ. ಮತ್ತೆ ಹೇಳಬೇಕೆನಿಸಿದರೆ ಹತ್ತರವರೆಗೆ ಎಣಿಸಿ, ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿ. ಪದ ಬದಲಿಸಬೇಡಿ. ‘ನನ್ನ ಕಣ್ಣು ನೋಡು’ ಎನ್ನಬೇಡಿ.

ನೆಲದ ಮೇಲೆ ಕೂತುಕೊಳ್ಳಿ, ಮಗುವಿನ ಎದುರಿಗಲ್ಲ, ಪಕ್ಕಕ್ಕೆ, ಕೈಗೆಟುಕದಷ್ಟು ದೂರದಲ್ಲಿ. ಬಾಗಿಲಿಗೆ ಅಡ್ಡ ಕೂರಬೇಡಿ, ಸಿಕ್ಕಿಬಿದ್ದೆ ಎನಿಸಿದರೆ ಗಾಬರಿ ಹೆಚ್ಚುತ್ತದೆ. ಬಾಗಿಲ ಹೊರಗೆ ಇನ್ನೊಬ್ಬರು ನಿಂತಿರಲಿ, ಏಕೆಂದರೆ ಕೆಲವು ಮಕ್ಕಳು ಓಡಿಬಿಡುತ್ತಾರೆ. ಛತ್ರದ ಸಮೀಪ ಕೆರೆ, ಬಾವಿ, ಸಂಪು ಇದ್ದರೆ ಮಗು ಕಾಣದಾದಾಗ ಮೊದಲು ಓಡಬೇಕಾದದ್ದು ಅಲ್ಲಿಗೆ. ನೀರಿನ ಕಡೆಗೆ ಸೆಳೆತವಿರುವ ಮಕ್ಕಳು ಬಹಳ.

ತಲೆ ನೇವರಿಸಬೇಡಿ. ಹಗುರ ಸ್ಪರ್ಶ ಇಂಥ ಮಕ್ಕಳಲ್ಲಿ ಅನೇಕರಿಗೆ ಇರುವೆ ಹರಿದಂತಾಗುತ್ತದೆ. ಮನೆಯಲ್ಲಿ ಬಿಗಿ ಅಪ್ಪುಗೆ ಇಷ್ಟಪಡುವ ಮಗುವಾದರೆ ತೋಳು ಚಾಚಿ ಕಾಯಿರಿ. ಬಂದರೆ ಗಟ್ಟಿಯಾಗಿ ಅಪ್ಪಿಕೊಳ್ಳಿ, ಬಾರದಿದ್ದರೆ ಬಿಡಿ.

ನೀರು ಕುಡಿಸಬೇಡಿ, ಚಾಕೊಲೇಟ್ ಬಾಯಿಗೆ ತುರುಕಬೇಡಿ. ಕಿರುಚುವ ಗಂಟಲಿಗೆ ಅದು ನೆತ್ತಿಗೇರುತ್ತದೆ. ಮೊಬೈಲ್ ವಿಡಿಯೊ ಕೂಡ ಈಗ ಇನ್ನೊಂದು ಬೆಳಕು, ಇನ್ನೊಂದು ಸದ್ದು.

‘ಜನಕ್ಕೆ’ ಇರುವವರ ಕೆಲಸ ಇಷ್ಟೇ: ‘ಮಗುವಿಗೆ ಆಟಿಸಂ ಇದೆ, ಸದ್ದು ತಡೆಯುವುದಿಲ್ಲ, ಹತ್ತು ನಿಮಿಷ ಜಾಗ ಬಿಟ್ಟುಕೊಡಿ.’ ವಾದ ಬೇಡ. ಬಿಡದೆ ಸಲಹೆ ಕೊಡುವ ಹಿರಿಯರಿಗೆ ಒಂದು ಕೆಲಸ ಕೊಡಿ, ‘ಮಾವ, ಆ ಬಾಗಿಲ ಹತ್ತಿರ ನಿಂತು ಯಾರೂ ಒಳಗೆ ಬರದ ಹಾಗೆ ನೋಡಿಕೊಳ್ಳಿ’ ಎಂದು. ಅವರಿಗೂ ನೆರವಾದ ಸಮಾಧಾನ. ಯಾರಾದರೂ ವಿಡಿಯೊ ತೆಗೆಯುತ್ತಿದ್ದರೆ ನೇರವಾಗಿ, ಗಟ್ಟಿಯಾಗಿ ನಿಲ್ಲಿಸಿ.

ನಡುವೆ ಒಂದು: ಎದೆ ಹಿಂಡಿದ್ದು ನಿಮಗಾದರೆ

ಉಸಿರು ಸಾಲದು, ಎದೆ ಡವಡವ, ಬೆರಳ ತುದಿ ಜೋಮು, ತುಟಿ ಮರಗಟ್ಟಿದಂತೆ, ಸುತ್ತಲಿನದೆಲ್ಲ ದೂರ ಸರಿದಂತೆ, ‘ಈಗ ಸತ್ತೇ ಹೋಗುತ್ತೇನೆ’ ಎಂಬ ಭಯ. ಇದು ಪ್ಯಾನಿಕ್ ಅಟ್ಯಾಕ್. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಏರಿ, ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಇಂಥ ಮಗುವನ್ನು ಸಾಕುವ ತಂದೆತಾಯಂದಿರು ಇದನ್ನು ಯಾರಿಗೂ ಹೇಳದೆ ನುಂಗಿಕೊಂಡಿರುತ್ತಾರೆ.

ಇಲ್ಲಿ ಎಲ್ಲರೂ ಕೊಡುವ ಸಲಹೆ, ‘ದೀರ್ಘವಾಗಿ ಉಸಿರು ಎಳೆದುಕೋ’. ಅದು ತಪ್ಪು. ಗಾಬರಿಯಲ್ಲಿ ಈಗಾಗಲೇ ಅತಿಯಾಗಿ ಉಸಿರಾಡುತ್ತಿರುತ್ತೀರಿ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದಿರುವುದರಿಂದಲೇ ಜೋಮು, ತಲೆಸುತ್ತು. ಇನ್ನಷ್ಟು ಎಳೆದುಕೊಂಡರೆ ಇನ್ನಷ್ಟು ಹೆಚ್ಚುತ್ತದೆ. ಗಮನ ಉಸಿರು ಬಿಡುವುದರ ಮೇಲಿರಲಿ. ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಮೆಲ್ಲಗೆ ಒಳಕ್ಕೆ. ಬಿಸಿ ಕಾಫಿ ಊದಿ ಆರಿಸುವ ಹಾಗೆ ತುಟಿ ಚೂಪು ಮಾಡಿ ಆರು ಎಣಿಸುವಷ್ಟು ಹೊತ್ತು ಹೊರಕ್ಕೆ. ನಿಮಿಷಕ್ಕೆ ಆರು ಉಸಿರು, ಐದು ನಿಮಿಷ. ಅಂಗಾಲು ನೆಲಕ್ಕೆ ಊರಿ, ಕಣ್ಣಿಗೆ ಕಂಡ ಐದು ವಸ್ತುಗಳ ಹೆಸರು ಮನಸ್ಸಿನಲ್ಲೇ ಹೇಳಿ. ಕಾಗದದ ಚೀಲಕ್ಕೆ ಉಸಿರಾಡುವ ಹಳೆಯ ಉಪಾಯ ಬೇಡ. ಆಸ್ತಮಾ, ಹೃದಯದ ತೊಂದರೆ ಇರುವವರಿಗೆ ಅಪಾಯ.

ಇದು ಶುರುವಾದರೆ ಮಗುವನ್ನು ಎರಡನೆಯವರಿಗೆ ಒಪ್ಪಿಸಿ. ಎರಡನೆಯವರು ಇರಲೇಬೇಕು ಎಂದದ್ದು ಇದಕ್ಕೂ ಹೌದು. ಜೀವನದಲ್ಲಿ ಮೊದಲ ಬಾರಿಗೆ ಎದೆನೋವು ಬಂದಿದ್ದರೆ, ನೋವು ತೋಳಿಗೋ ದವಡೆಗೋ ಹಬ್ಬುತ್ತಿದ್ದರೆ, ಅರ್ಧ ಗಂಟೆಯಾದರೂ ಇಳಿಯದಿದ್ದರೆ ಪ್ಯಾನಿಕ್ ಎಂದು ನೀವೇ ತೀರ್ಮಾನಿಸಬೇಡಿ. 108ಕ್ಕೆ ಕರೆ ಮಾಡಿ, ಇಸಿಜಿ ಆಗಲಿ.

ಹಂತ 5: ಇಳಿದ ಮೇಲೆ

ನೀರು ಈಗ ಕೊಡಿ, ಸ್ಟ್ರಾ ಇದ್ದರೆ ಅದರಲ್ಲಿ. ಮಲಗಿದರೆ ಮಲಗಲಿ. ಬುದ್ಧಿಮಾತು, ‘ಎಲ್ಲರ ಮುಂದೆ ಮಾನ ಕಳೆದೆ’, ‘ಸಾರಿ ಹೇಳು’ ಯಾವುದೂ ಬೇಡ. ಮಗುವಿಗೇ ಸಾಕಷ್ಟು ಸಂಕಟವಾಗಿರುತ್ತದೆ. ಮತ್ತೆ ಸಭಾಂಗಣಕ್ಕೆ ಒಯ್ಯಬೇಡಿ. ಮನೆಗೆ ಹೊರಡಿ.

ಹಂತ 6: ಪುಸ್ತಕದಲ್ಲಿ ಮೂರು ಸಾಲು

ಮೊದಲು ಏನಿತ್ತು, ಏನಾಯಿತು, ಆಮೇಲೆ ನಾವೇನು ಮಾಡಿದೆವು. ಗಂಟೆಯನ್ನೂ ಬರೆಯಿರಿ. ಇಂಥ ಐದಾರು ದಾಖಲೆಗಳಾದಾಗ ನಮೂನೆ ಕಾಣತೊಡಗುತ್ತದೆ: ಎಲ್ಲವೂ ಹಸಿದ ಹೊತ್ತಿನಲ್ಲೋ, ಎಲ್ಲವೂ ಕೈ ತೊಳೆಯುವ ಕಡೆ ಡ್ರೈಯರ್ ಸದ್ದಾದಾಗಲೋ. ಯಾವ ನಮೂನೆಯೂ ಇಲ್ಲದೆ ಇದ್ದಕ್ಕಿದ್ದಂತೆ ಹೆಚ್ಚಾಗಿದ್ದರೆ ನೋವನ್ನು ಹುಡುಕಿ. ಹೇಳಲು ಬಾರದ ಮಗುವಿನ ಕಿವಿನೋವು, ಹಲ್ಲುನೋವು, ಮಲಬದ್ಧತೆ ಹೊರಬರುವುದು ಹೀಗೆಯೇ. ಪ್ರಜ್ಞೆ ತಪ್ಪಿ ಕೈಕಾಲು ಸೆಟೆದರೆ ಅದು ಫಿಟ್ಸ್, ಮೆಲ್ಟ್‌ಡೌನ್ ಅಲ್ಲ. ಪಕ್ಕಕ್ಕೆ ಹೊರಳಿಸಿ, ಬಾಯಿಗೆ ಏನನ್ನೂ ಹಾಕಬೇಡಿ. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ.

ಕೊಳ್ಳುವ ಮುನ್ನ

ಕಿವಿ ಮುಚ್ಚುವ ಇಯರ್‌ಮಫ್ ಕೊಳ್ಳಲೇಬೇಕಾದ ವಸ್ತು. ಮಕ್ಕಳ ಅಳತೆಯದೇ ಇರಲಿ, ದೊಡ್ಡವರದ್ದು ಜಾರುತ್ತದೆ. ಎರಡು ವಾರ ಮೊದಲೇ ಮನೆಯಲ್ಲಿ ದಿನಕ್ಕೆ ಎರಡು ನಿಮಿಷ ಹಾಕಿಸಿ ಅಭ್ಯಾಸ ಮಾಡಿಸಿ. ಮದುವೆಯ ದಿನ ಹೊಸದಾಗಿ ತೊಡಿಸಿದರೆ ಕಿತ್ತೆಸೆಯುತ್ತದೆ. ಒಳಗೆ ತೂಕ ತುಂಬಿ, ಒಳ್ಳೆಯ ನಿದ್ದೆಗೆಂದು ಮಾರುವ ಭಾರದ ಹೊದಿಕೆಗೆ ಸಾವಿರಾರು ರೂಪಾಯಿ ಸುರಿಯುವ ಅವಸರ ಬೇಡ. ಬ್ರಿಟನ್ನಿನಲ್ಲಿ ಆಟಿಸಂ ಇರುವ ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದರಿಂದ ನಿದ್ದೆ ಹೆಚ್ಚಲಿಲ್ಲ. ‘ಮಂಪರಿನಲ್ಲಿರಲಿ’ ಎಂದು ಹೊರಡುವ ಮುನ್ನ ಶೀತ-ಅಲರ್ಜಿಯ ಸಿರಪ್ ಕುಡಿಸುವ ಅಭ್ಯಾಸ ಕೆಟ್ಟದ್ದು. ಕೆಲವು ಮಕ್ಕಳಲ್ಲಿ ಅದು ನಿದ್ದೆಯ ಬದಲು ಕೆರಳಿಕೆ ತರುತ್ತದೆ. ಸ್ಟೆಮ್ ಸೆಲ್ ಚಿಕಿತ್ಸೆಯ ಜಾಹೀರಾತಿಗೆ ಹೊಲ ಮಾರಬೇಡಿ. ಆಟಿಸಂಗೆ ಅದನ್ನು ಶಿಫಾರಸು ಮಾಡಲಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಮೈಯೊಳಗಿನ ಲೋಹವನ್ನು ಔಷಧಿಯಿಂದ ಹೊರತೆಗೆಯುವ ಕೀಲೇಶನ್ ಚಿಕಿತ್ಸೆ ಇನ್ನೂ ಅಪಾಯಕಾರಿ. 2005ರಲ್ಲಿ ಅಮೆರಿಕದಲ್ಲಿ ಅದರಿಂದ ಐದು ವರ್ಷದ ಮಗುವೊಂದು ತೀರಿಕೊಂಡಿದೆ.

ಪರೀಕ್ಷೆ, ತರಬೇತಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಮಾನಸಿಕ ಆರೋಗ್ಯ ಸಂಸ್ಥೆಗಳಾದ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇವೆ. ದೂರವಾದರೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ನಿಮ್ಮ ಸ್ವಂತ ಗಾಬರಿ, ನಿದ್ದೆಗೇಡಿಗೆ ಟೆಲಿ ಮನಸ್ ಸಹಾಯವಾಣಿ 14416. ಉಚಿತ, ಹಗಲೂ ರಾತ್ರಿಯೂ ಇದೆ, ಕನ್ನಡದಲ್ಲೇ ಮಾತಾಡಬಹುದು.

ಮದುವೆ ಮಾಡುವವರಿಗೆ: ಅಂಥ ಮಗುವಿರುವ ಮನೆಗೆ ಪತ್ರಿಕೆ ಕೊಡಲು ಹೋದಾಗಲೇ ‘ಒಂದು ಕೋಣೆ ನಿಮಗೆಂದು ಇಟ್ಟಿರುತ್ತೇವೆ’ ಎಂದು ಹೇಳಿಬನ್ನಿ. ಆ ಕೋಣೆಯ ಕಡೆಗೆ ಸ್ಪೀಕರ್ ತಿರುಗಿಸದಂತೆ ಮೈಕಿನವರಿಗೆ ಮೊದಲೇ ತಿಳಿಸಿ.