ಪೆಟ್ರೋಲ್ ಬಂಕ್ ಅಂಗಳದಲ್ಲಿ ಟಾಕೋ ತಿನ್ನುವ ಕ್ರಮ

ಲಾಸ್ ಏಂಜಲೀಸ್‌ಗೆ ನೆಂಟರು ಬಂದರೆ ಹಾಲಿವುಡ್ ಫಲಕ ತೋರಿಸುವುದು ನನ್ನ ಹೆಂಡತಿಯ ಕೆಲಸ, ಟಾಕೋ, ಅಂದರೆ ಪುಟ್ಟ ರೊಟ್ಟಿಯಲ್ಲಿ ಮಾಂಸ ತುಂಬಿ ಮಡಚುವ ಮೆಕ್ಸಿಕೋದ ತಿನಿಸು, ತಿನ್ನಿಸುವುದು ನನ್ನದು. ಲಾ ಬ್ರಿಯಾ ಮತ್ತು ವೆನಿಸ್ ರಸ್ತೆಗಳು ಕೂಡುವಲ್ಲಿ, ಪೆಟ್ರೋಲ್ ಬಂಕಿನ ಅಂಗಳದಲ್ಲಿ ಲಿಯೋಸ್ ಟಾಕೋಸ್ ಟ್ರಕ್ ನಿಲ್ಲುತ್ತದೆ. ಕತ್ತಲಾದ ಮೇಲೆ ಹೋಗಿ. ಜೇಬಿನಲ್ಲಿ ಚಿಲ್ಲರೆ ನೋಟುಗಳಿರಲಿ. ಬಿಳಿ ಅಂಗಿ ಬೇಡ.

ಹೋದ ತಕ್ಷಣ ಸಾಲಿಗೆ ನುಗ್ಗಬೇಡಿ. ಇಂಥ ಟ್ರಕ್‌ಗಳಲ್ಲಿ ಎಷ್ಟೋ ಸಲ ಸಲಾಕೆಯ ಮಾಂಸಕ್ಕೆ ಒಂದು ಸಾಲು, ಕಿಟಕಿಗೆ ಇನ್ನೊಂದು. ಎರಡು ನಿಮಿಷ ದೂರ ನಿಂತು, ತಟ್ಟೆ ಹಿಡಿದವರು ಎಲ್ಲಿಂದ ಬರುತ್ತಿದ್ದಾರೆ ನೋಡಿಕೊಳ್ಳಿ. ಹಾಗೆ ನಿಲ್ಲುವುದೇ ಒಂದು ಸುಖ. ನೆಟ್ಟಗೆ ನಿಲ್ಲಿಸಿದ ಸಲಾಕೆಗೆ ಮಸಾಲೆ ಸವರಿದ ಹಂದಿಮಾಂಸದ ಪದರಗಳನ್ನು ಪೋಣಿಸಿರುತ್ತಾರೆ. ಅದನ್ನು ಟ್ರೊಂಪೋ ಎನ್ನುತ್ತಾರೆ, ಅಂದರೆ ಬುಗುರಿ. ನೆತ್ತಿಯ ಮೇಲೆ ಅನಾನಸ್ ಕೂತಿರುತ್ತದೆ. ಟಾಕೋ ಮಾಡುವವನು ಎಡಗೈಯಲ್ಲಿ ಟಾರ್ಟಿಯಾ ಎಂಬ ತೆಳು ರೊಟ್ಟಿ ಹಿಡಿದು, ಸುಟ್ಟ ಅಂಚನ್ನು ಕಾಗದದಷ್ಟು ತೆಳ್ಳಗೆ ಕೆತ್ತುತ್ತಾನೆ; ಚೂರುಗಳು ನೇರವಾಗಿ ಅದರೊಳಗೇ ಬೀಳುತ್ತವೆ. ಆಮೇಲೆ ಚಾಕುವಿನ ತುದಿಯಿಂದ ಮೇಲಕ್ಕೊಂದು ಚಿಮ್ಮು. ಅನಾನಸ್ ಹೋಳು ಗಾಳಿಯಲ್ಲಿ ಹಾರಿ ಬಂದು ಟಾಕೋ ಮೇಲೆ ಕೂರುತ್ತದೆ. ಅದು ನೆಲಕ್ಕೆ ಬಿದ್ದಿದ್ದನ್ನು ನಾನಂತೂ ನೋಡಿಲ್ಲ.

ಇದಕ್ಕೆ ಅಲ್ ಪಾಸ್ತೋರ್ ಎಂದು ಹೆಸರು. ಲೆಬನಾನ್ ಕಡೆಯಿಂದ ಮೆಕ್ಸಿಕೋಗೆ ವಲಸೆ ಬಂದವರು ಷವರ್ಮಾದ ಸಲಾಕೆಯನ್ನೂ ತಂದರು. ಪಾಸ್ತೋರ್ ಎಂದರೆ ಕುರಿ ಕಾಯುವವನು. ಕುರಿ ಹೋಗಿ ಹಂದಿ ಬಂದರೂ ಕುರುಬನ ಹೆಸರು ಉಳಿದುಕೊಂಡಿದೆ. ಮಸಾಲೆಗೆ ಬಣ್ಣ ಕೊಡುವುದು ಅಚಿಯೋತೆ ಬೀಜ ಮತ್ತು ಗುವಾಹಿಯೋ ಒಣಮೆಣಸಿನಕಾಯಿ. ನಾನು ರಾಣೆಬೆನ್ನೂರಿನವನು, ಬ್ಯಾಡಗಿಯ ನೆರೆಯವನು. ಖಾರಕ್ಕಿಂತ ಬಣ್ಣ ಹೆಚ್ಚಿರುವ ಮೆಣಸಿನಕಾಯಿಯನ್ನು ವಾಸನೆಯಲ್ಲೇ ಗುರುತಿಸುತ್ತೇನೆ. ಮೊದಲ ಸಲ ಇಲ್ಲಿ ನಿಂತಾಗ ಮೂಗು ಊರಿಗೆ ಹೋಗಿ ಬಂತು.

ಕೇಳುವಾಗ ಎರಡೆರಡೇ ಕೇಳಿ: ‘ದೋಸ್ ಪಾಸ್ತೋರ್, ಕೊನ್ ತೋದೋ’. ಕೊನ್ ತೋದೋ ಎಂದರೆ ಈರುಳ್ಳಿ, ಕೊತ್ತಂಬರಿ ಎಲ್ಲವೂ ಇರಲಿ ಎಂದು. ಒಟ್ಟಿಗೆ ಆರು ತೆಗೆದುಕೊಂಡರೆ ಕೊನೆಯ ಮೂರು ತಣ್ಣಗಾಗಿ ಮೆತ್ತಗಾಗುತ್ತವೆ. ಫಲಕ ನೋಡಿ ಸುಮ್ಮನೆ ಬೆರಳು ತೋರಿಸಬೇಡಿ. ಅಸಾದಾ ಎಂದರೆ ಸುಟ್ಟ ದನದ ಮಾಂಸ, ಲೆಂಗುವಾ ಅದರ ನಾಲಿಗೆ, ಕಬೆಸಾ ತಲೆಯ ಮಾಂಸ, ಪೊಯೋ ಕೋಳಿ. ಸಸ್ಯಾಹಾರಿಗಳಿಗೆ ನೇರವಾಗಿ ಹೇಳುತ್ತೇನೆ: ಚೀಸ್ ತುಂಬಿದ ಟಾರ್ಟಿಯಾ, ಅಂದರೆ ಕೆಸಡಿಯಾ, ಸಿಗಬಹುದು, ಆದರೆ ಕಾವಲಿ ಒಂದೇ, ಬೀನ್ಸ್ ಕಾಳಿನಲ್ಲೂ ಹಂದಿಯ ಕೊಬ್ಬು ಇರಬಹುದು. ನನ್ನ ಅತ್ತಿಗೆ ಮನೆಯಲ್ಲೇ ಊಟ ಮುಗಿಸಿ ಬಂದು ಓರ್ಚಾತಾ ಕುಡಿಯುತ್ತಾಳೆ. ಅಕ್ಕಿ ನೆನೆಸಿ, ದಾಲ್ಚಿನ್ನಿಯೊಂದಿಗೆ ರುಬ್ಬಿ, ಸೋಸಿ, ಸಕ್ಕರೆ ಹಾಕಿದ ತಣ್ಣನೆಯ ಪಾನಕ ಅದು.

ಇನ್ನು ಸಾಲ್ಸಾ, ಅಂದರೆ ಇವರ ಚಟ್ನಿ. ತಿಳಿಹಸಿರಾಗಿ, ನುಣ್ಣಗೆ, ನಮ್ಮ ಕೊತ್ತಂಬರಿ ಚಟ್ನಿಯಂತೆ ಕಾಣುವುದನ್ನು ನಂಬಬೇಡಿ. ‘ನಾವು ಹಾವೇರಿ ಜಿಲ್ಲೆಯವರು, ನಮಗೇನು ಖಾರ’ ಎಂದು ನಾನು ಚಮಚಗಟ್ಟಲೆ ಸುರಿದುಕೊಂಡಿದ್ದೆ. ಪಕ್ಕದಲ್ಲಿದ್ದ ಹತ್ತು ವರ್ಷದ ಹುಡುಗ ತನ್ನ ನೀರಿನ ಬಾಟಲಿ ಕೊಡಬೇಕಾಯಿತು. ಮೂಲಂಗಿ ಬಿಲ್ಲೆಯ ಮೇಲೆ ಒಂದು ಹನಿ ಹಾಕಿ ಕಚ್ಚಿ ನೋಡಿ, ಆಮೇಲೆ ಧೈರ್ಯ ಮಾಡಿ.

ತಿನ್ನುವುದಕ್ಕೆ ಕುರ್ಚಿ ಹುಡುಕಬೇಡಿ, ಕಾರಿಗೆ ಒಯ್ಯಬೇಡಿ, ಫೋಟೋ ಒಂದೇ ಸಾಕು. ನಿಂಬೆ ಹಿಂಡಿ, ಮೂರು ಬೆರಳಲ್ಲಿ ಮಡಚಿ ಹಿಡಿದು, ಸೊಂಟದಿಂದ ಮುಂದಕ್ಕೆ ಬಾಗಿ. ಟಾಕೋವನ್ನು ಓರೆ ಮಾಡಬೇಡಿ, ತಲೆಯನ್ನು ಓರೆ ಮಾಡಿ. ತಟ್ಟೆ ಗಲ್ಲದ ಕೆಳಗೇ ಇರಲಿ. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ರುಬ್ಬಿದ ಟಾರ್ಟಿಯಾಗೆ ಮಣ್ಣಿನ ಘಮದಂಥ ವಾಸನೆಯಿರುತ್ತದೆ. ಮೊದಲ ತುತ್ತಿನಲ್ಲಿ ಅದನ್ನು ಹುಡುಕಿ. ಎರಡು ಟಾರ್ಟಿಯಾ ಜೋಡಿಸಿ ಕೊಟ್ಟಿದ್ದರೆ ಒಂದನ್ನು ಬಿಡಿಸಿಟ್ಟುಕೊಳ್ಳಿ. ತಟ್ಟೆಗೆ ಉದುರಿದ್ದನ್ನೆಲ್ಲ ಅದರಲ್ಲಿ ತುಂಬಿದರೆ ಪುಕ್ಕಟೆ ಮೂರನೆಯ ಟಾಕೋ.

ಹಿಂಡಿದ ನಿಂಬೆಹೋಳು ಎಸೆಯಬೇಡಿ. ಬೆರಳುಗಳಿಗೆ ಚೆನ್ನಾಗಿ ಉಜ್ಜಿಕೊಳ್ಳಿ, ಇಲ್ಲವಾದರೆ ನಾಳೆ ಬೆಳಿಗ್ಗೆಯೂ ಸ್ಟಿಯರಿಂಗ್ ಈರುಳ್ಳಿ ನಾರುತ್ತದೆ.