ಗಡಿಯಾರದ ಓಟ: ಒಬ್ಬ ಪೀಟಿ ಮಾಸ್ತರನ ಅನುಭವ

ಹೋದ ಡಿಸೆಂಬರಿನಲ್ಲಿ ನಮ್ಮ ಶಾಲೆಯ ಕ್ರೀಡಾಕೂಟ ಒಂದೂ ತಕರಾರಿಲ್ಲದೆ ಮುಗಿಯಿತು. ಹುಡುಗನೆಂದು ದಾಖಲಾಗಿ, ‘ನಾನು ಹುಡುಗಿ’ ಎನ್ನುವ ಒಂದು ಮಗುವೂ ಎಲ್ಲರ ಜೊತೆ ಓಡಿದ ಕೂಟ ಅದು. ‘ಇದು ಆಗೋ ಮಾತಲ್ಲ ಮಾಸ್ತರೇ’ ಎಂದು ಮೂರು ವರ್ಷ ತಲೆ ಅಲ್ಲಾಡಿಸಿದ್ದ ಪಕ್ಕದ ಶಾಲೆಯ ಪೀಟಿ ಮಾಸ್ತರು ಮೊನ್ನೆ ತಾವೇ ಫೋನ್ ಮಾಡಿದರು. ‘ನಿಮ್ಮ ಗುಂಪಿನ ಪಟ್ಟಿ ಸ್ವಲ್ಪ ಕಳಿಸಿ’ ಎಂದರು. ಕಳಿಸಿದೆ. ಪೂರ್ತಿ ಕಳಿಸಲಿಲ್ಲ, ಅದು ಬೇರೆ ಮಾತು.

ನಮ್ಮದು ಕುಮಟಾ ಮತ್ತು ಅಂಕೋಲಾ ನಡುವೆ ಕಡಲಿಗೆ ಹತ್ತಿರ ಇರುವ ಶಾಲೆ. ಊರಿನ ಹೆಸರು ಬೇಡ. ಆ ಮಗುವಿನ ಹೆಸರಂತೂ ಬೇಡವೇ ಬೇಡ. ಹಾಜರಿ ಪುಸ್ತಕದಲ್ಲಿ ಹುಡುಗನ ಹೆಸರಿದೆ. ಆರನೇ ಕ್ಲಾಸಿಗೆ ಬಂದಾಗ ಅವಳು ಅಕ್ಕೋರ (ನಮ್ಮ ಕಡೆ ಟೀಚರಮ್ಮ) ಹತ್ತಿರ ‘ನಾನು ಹುಡುಗಿ’ ಎಂದಳು. ಅಕ್ಕೋರು ನನಗೆ ಹೇಳಿದರು. ನಾನು ಮೊದಲ ದಿನ ನಕ್ಕೆ. ಅದನ್ನು ಮುಚ್ಚಿಡುವುದಿಲ್ಲ.

ನಮ್ಮ ಕಡೆ ಹುಡುಗರನ್ನು ‘ತಮ್ಮಾ’ ಎಂದೂ ಹುಡುಗಿಯರನ್ನು ‘ತಂಗಿ’ ಎಂದೂ ಕರೆಯುತ್ತೇವಲ್ಲ? ಮೈದಾನದಲ್ಲಿ ನಾನು ದಿನಕ್ಕೆ ಇನ್ನೂರು ಸಲ ಹಾಗೆ ಕೂಗುತ್ತೇನೆ. ‘ತಮ್ಮಾ, ಲೈನಿಗೆ ಬಾ’ ಎಂದಾಗಲೆಲ್ಲ ಈ ಮಗು ಹಿಂದೆ ಸರಿಯುತ್ತಿತ್ತು. ಒಂದು ದಿನ ಬಾಯ್ತಪ್ಪಿ ‘ತಂಗಿ, ನೀನೂ ಬಾ’ ಎಂದೆ. ಓಡಿ ಬಂದಳು. ಅಲ್ಲಿಂದ ಶುರುವಾಯಿತು ನನ್ನ ಫಜೀತಿ.

ಮೊದಲ ವರ್ಷ ಅವಳನ್ನು ಹುಡುಗಿಯರ 80 ಮೀಟರಿಗೆ ನಿಲ್ಲಿಸಿದೆ. ಓಟ ಶುರುಮಾಡುವ ಕ್ಲಾಪರ್ ಹಲಗೆ ಹೊಡೆಯುವ ಮೊದಲೇ ಒಬ್ಬ ತಾಯಿ ಮೈದಾನಕ್ಕೆ ಇಳಿದರು. ಮೀನು ಮಾರಿ ಬಂದವರು, ಬುಟ್ಟಿ ಇನ್ನೂ ಕೈಯಲ್ಲೇ ಇತ್ತು. ‘ಮಾಸ್ತರೇ, ನನ್ನ ಮಗಳು ವರ್ಷವಿಡೀ ಓಡಿದ್ದಾಳೆ. ಕ್ರೀಡಾ ಹಾಸ್ಟೆಲಿಗೆ ಸೇರಬೇಕು ಅಂತ ಆಸೆ. ನೀವು ಹೀಗೆ ಮಾಡಿದರೆ?’ ಎಂದರು. ಕೆಟ್ಟ ಮಾತು ಒಂದೂ ಆಡಲಿಲ್ಲ. ಅದಕ್ಕೇ ನನಗೆ ಉತ್ತರ ಹೊಳೆಯಲಿಲ್ಲ. ಹಿಂದೆ ಕೂತಿದ್ದ ಇನ್ನೊಬ್ಬರು ‘ಇದೇನು ಯಕ್ಷಗಾನ ಮೇಳದ ಸ್ತ್ರೀವೇಷವಾ?’ ಎಂದು ನಕ್ಕರು. ಅವರಿಗೆ ಮಾತ್ರ ಉತ್ತರ ಕೊಟ್ಟೆ. ಸ್ತ್ರೀವೇಷದವನು ಬೆಳಿಗ್ಗೆ ಬಣ್ಣ ತೊಳೆದು ಮನೆಗೆ ಹೋಗುತ್ತಾನೆ, ಈ ಮಗು ತೊಳೆಯುವುದಾದರೂ ಏನನ್ನು?

ಓಟ ನಿಂತಿತು. ಅವಸರದಲ್ಲಿ ನಾನು ಇನ್ನೂ ದೊಡ್ಡ ತಪ್ಪು ಮಾಡಿದೆ. ಅವಳೊಬ್ಬಳನ್ನೇ ಬೇರೆ ಓಡಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಕೇಳಿಯೇ ಅರ್ಧ ದಾರಿಯಲ್ಲಿ ನಿಂತುಬಿಟ್ಟಳು. ಒಂದು ವಾರ ಶಾಲೆಗೆ ಬರಲಿಲ್ಲ. ಈ ದಾರಿ ಹಿಡಿಯಬೇಕೆಂದು ಯಾರಾದರೂ ಯೋಚಿಸುತ್ತಿದ್ದರೆ, ಬೇಡ.

ಎರಡನೇ ವರ್ಷ ಜಾಣತನ ಮಾಡಿದೆ. ಹುಡುಗ ಹುಡುಗಿ ಭೇದವೇ ಬೇಡ, ಎಲ್ಲರೂ ಒಟ್ಟಿಗೆ ಓಡಲಿ ಎಂದೆ. ಫಲಿತಾಂಶ ಊಹಿಸಬಹುದು. ಆರೇಳು ಹುಡುಗರು ಎಲ್ಲ ಬಹುಮಾನ ಬಾಚಿದರು. ಮೊದಲ ವರ್ಷ ಒಬ್ಬ ತಾಯಿಯ ಸಿಟ್ಟು, ಎರಡನೇ ವರ್ಷ ಮೂವತ್ತು ತಾಯಂದಿರ ಸಿಟ್ಟು. ಹೆಡ್ಮಾಸ್ತರು ‘ಸುಮ್ನೆ ಹಳೇ ಪದ್ಧತಿಗೆ ಹೋಗಿ ಮಾರಾಯ್ರೇ’ ಎಂದರು.

ಅದೇ ಹೊತ್ತಿಗೆ ಎಲ್ಲರ ಮೊಬೈಲಿನಲ್ಲೂ ಇದೇ ಸುದ್ದಿ. ಮಾಸ್ತರುಗಳ ಗುಂಪಿನಲ್ಲಿ ಚಹಾಕ್ಕಿಂತ ಜಾಸ್ತಿ ಇದೇ ಕುದಿಯುತ್ತಿತ್ತು. ಇವಳಂಥ ಟ್ರಾನ್ಸ್‌ಜೆಂಡರ್ ಹುಡುಗಿಯರು ಹುಡುಗಿಯರ ಆಟಗಳಲ್ಲಿ ಸೇರಬಾರದು ಎಂದು ಅಮೆರಿಕದಲ್ಲಿ 2020ರಲ್ಲಿ ಐಡಾಹೋ ರಾಜ್ಯ ಮೊದಲು ನಿಷೇಧ ತಂದಿತು. ಆಮೇಲೆ ಇಪ್ಪತ್ತೈದಕ್ಕೂ ಹೆಚ್ಚು ರಾಜ್ಯಗಳು ಅದೇ ದಾರಿ ಹಿಡಿದವು. 2025ರ ಫೆಬ್ರವರಿಯಲ್ಲಿ ಟ್ರಂಪ್ ಆದೇಶವೂ ಬಂತು. ಜಗತ್ತಿನ ಓಟ-ಜಿಗಿತದ ಸ್ಪರ್ಧೆಗಳ ನಿಯಮ ಮಾಡುವ ಸಂಸ್ಥೆ ವರ್ಲ್ಡ್ ಅಥ್ಲೆಟಿಕ್ಸ್ 2023ರ ಮಾರ್ಚಿನಲ್ಲೇ, ಗಂಡಾಗಿ ಪ್ರಾಯಕ್ಕೆ ಬಂದು ಆಮೇಲೆ ಹೆಣ್ಣಾದವರಿಗೆ ಮಹಿಳೆಯರ ವಿಭಾಗ ಇಲ್ಲ ಎಂದಿತ್ತು. ‘ನೋಡಿ, ಜಗತ್ತೇ ಬೇಡ ಅಂದಿದೆ’ ಎಂದು ಒಬ್ಬರು. ‘2014ರಲ್ಲಿ ಸುಪ್ರೀಂ ಕೋರ್ಟೇ ಅವರವರ ಲಿಂಗ ಅವರೇ ಹೇಳಿಕೊಳ್ಳಬಹುದು ಅಂದಿದೆಯಲ್ಲ’ ಎಂದು ಇನ್ನೊಬ್ಬರು. ಮತ್ತೊಬ್ಬರು ನಮ್ಮ ದೇಶದ ಓಟಗಾರ್ತಿಯರಾದ ದ್ಯುತಿ ಚಂದ್, ಶಾಂತಿ ಸೌಂದರರಾಜನ್ ಇಬ್ಬರನ್ನೂ ಇದರೊಳಗೆ ಎಳೆದು ತಂದರು. ಅಲ್ಲಿ ನನಗೆ ತಡೆಯಲಾಗಲಿಲ್ಲ. ಅವರಿಬ್ಬರೂ ಟ್ರಾನ್ಸ್‌ಜೆಂಡರ್ ಅಲ್ಲ. ಹೆಣ್ಣಾಗಿ ಹುಟ್ಟಿ, ಹೆಣ್ಣಾಗಿಯೇ ಬೆಳೆದವರು. ಶಾಂತಿಯವರ 2006ರ ದೋಹಾ ಏಷ್ಯನ್ ಗೇಮ್ಸ್ ಪದಕ ಕಿತ್ತುಕೊಂಡಿದ್ದು ಲಿಂಗ ಪರೀಕ್ಷೆಯ ಹೆಸರಿನಲ್ಲಿ, ಅದು ಬೇರೆಯದೇ ವಿಷಯ. ಇಷ್ಟು ಗೊತ್ತಿಲ್ಲದೆ ವಾದ ಮಾಡುವವರೇ ಜಾಸ್ತಿ.

ಹಾಗಂತ ಆ ಮೀನಿನ ಬುಟ್ಟಿಯ ತಾಯಿಯ ಮಾತು ತೆಗೆದುಹಾಕುವಂಥದ್ದಲ್ಲ. ಪ್ರಾಯಕ್ಕೆ ಬರುವ ಮೊದಲು ಓಟದಲ್ಲಿ ಹುಡುಗ ಹುಡುಗಿಯ ಅಂತರ ಸಣ್ಣದು. ಆಮೇಲೆ ದೊಡ್ಡ ಮಟ್ಟದ ಓಟಗಾರರಲ್ಲಿ ಶೇ 10–12ರಷ್ಟು ಆಗುತ್ತದೆ. ಜಿಗಿತದಲ್ಲಿ ಇನ್ನೂ ಜಾಸ್ತಿ. ಇದು ನಮಗೆಲ್ಲ ಮೈದಾನದಲ್ಲೇ ಕಾಣುವ ಸಂಗತಿ. ಏಳನೇ ಕ್ಲಾಸಿನಲ್ಲಿ ಹುಡುಗರನ್ನು ಹಿಂದೆ ಹಾಕುತ್ತಿದ್ದವಳು ಒಂಬತ್ತಕ್ಕೆ ಬರುವಾಗ ಹಿಂದೆ ಬೀಳುತ್ತಾಳೆ. ಹುಡುಗಿಯರಿಗೆ ಬೇರೆ ಓಟ ಇಟ್ಟಿದ್ದು ಅದಕ್ಕೇ.

ಆದರೆ ನನ್ನ ಮೈದಾನದಲ್ಲಿ ಇದ್ದಿದ್ದು ಹನ್ನೊಂದರಿಂದ ಹದಿಮೂರು ವರ್ಷದ ಅರವತ್ತು ಮಕ್ಕಳು. ಜೊತೆಗೆ ಒಂದು ಸ್ಟಾಪ್‌ವಾಚ್. ಎರಡು ವರ್ಷ ಅದನ್ನು ಗೆದ್ದವರ ಟೈಮ್ ಬರೆಯಲು ಮಾತ್ರ ಬಳಸಿದ್ದೆ. ಓಟದ ಮೊದಲೇ ಬಳಸಿದರೆ?

ಮೂರನೇ ವರ್ಷ ನವೆಂಬರಿನಲ್ಲಿ ಎಲ್ಲರಿಗೂ ಎರಡೆರಡು ಟ್ರಯಲ್ ಇಟ್ಟೆ. ಸರಾಸರಿ ತೆಗೆದೆ. ಅರ್ಧ ಸೆಕೆಂಡಿನೊಳಗೆ ಬರುವ ನಾಲ್ಕೈದು ಮಕ್ಕಳದು ಒಂದು ಗುಂಪು. ಹುಡುಗ, ಹುಡುಗಿ, ಆರನೇ ಕ್ಲಾಸು, ಎಂಟನೇ ಕ್ಲಾಸು ಯಾವುದೂ ಲೆಕ್ಕಕ್ಕಿಲ್ಲ. ಹದಿಮೂರೋ ಹದಿನಾಲ್ಕೋ ಗುಂಪಾಯಿತು. ಗುಂಪಿನಲ್ಲಿ ಮೊದಲು ಬಂದವರಿಗೆ 5, ಆಮೇಲೆ 3, 2, 1. ಇದರ ಮೇಲೆ, ತನ್ನದೇ ಟ್ರಯಲ್ ಟೈಮ್ ಅನ್ನು 0.3 ಸೆಕೆಂಡಿನಷ್ಟು ಇಳಿಸಿದವರಿಗೆ ಇನ್ನೆರಡು.

ಹೇಳುವಷ್ಟು ಸುಲಭ ಇರಲಿಲ್ಲ. ಮೊದಲ ಟ್ರಯಲ್ ಪೂರ್ತಿ ಹಾಳಾಯಿತು. ಟೈಮ್ ಹಿಡಿದ ಎಂಟನೇ ಕ್ಲಾಸಿನ ಹುಡುಗರು ಒಮ್ಮೆ ಕ್ಲಾಪರ್ ಸದ್ದು ಕೇಳಿ ಒತ್ತುತ್ತಿದ್ದರು, ಒಮ್ಮೆ ಕಣ್ಣಲ್ಲಿ ನೋಡಿ ಒತ್ತುತ್ತಿದ್ದರು. ಸದ್ದಿಗೆ 80 ಮೀಟರ್ ದಾಟಲು ಸುಮಾರು ಕಾಲು ಸೆಕೆಂಡು ಬೇಕು. ಅರ್ಧ ಸೆಕೆಂಡಿನ ಗುಂಪಿನಲ್ಲಿ ಕಾಲು ಸೆಕೆಂಡು ಹೋದರೆ ಉಳಿಯುವುದೇನು? ಕ್ಲಾಪರಿಗೆ ಕೆಂಪು ಬಟ್ಟೆ ಸುತ್ತಿ, ಕಣ್ಣಲ್ಲಿ ನೋಡಿಯೇ ಒತ್ತಬೇಕು ಎಂದು ಎರಡು ದಿನ ತರಬೇತಿ ಕೊಟ್ಟೆ. ಮತ್ತೆ ಮೊದಲಿನಿಂದ ಟ್ರಯಲ್.

ಇನ್ನೊಂದು ತಲೆನೋವು ನಿಮಗೆ ಆಗಲೇ ಹೊಳೆದಿರಬೇಕು. ಟ್ರಯಲ್‌ನಲ್ಲಿ ಬೇಕೆಂದೇ ನಿಧಾನ ಓಡಿ ಕೆಳಗಿನ ಗುಂಪಿಗೆ ಬೀಳುವ ಕಿಲಾಡಿಗಳು. ಇದನ್ನು ಹಿಡಿಯಲು ನನ್ನ ಹತ್ತಿರ ಒಂದು ಉಪಾಯ ಇದೆ, ಎಂಟಾಣೆ ಖರ್ಚಿಲ್ಲದ್ದು. ಇಲ್ಲಿ ಬರೆಯುವುದಿಲ್ಲ. ನನ್ನ ಮಕ್ಕಳೂ ಮೊಬೈಲಿನಲ್ಲಿ ಓದುತ್ತಾರೆ.

ಖರ್ಚಿನ ಮಾತು. ಎರಡು ಹೊಸ ಸ್ಟಾಪ್‌ವಾಚ್, ಒಂದಕ್ಕೆ ನಾನೂರೈವತ್ತರ ಹತ್ತಿರ. ಗುಂಪು ಜಾಸ್ತಿಯಾದ್ದರಿಂದ ಸುಣ್ಣದ ಪುಡಿ ಎರಡು ಚೀಲ ಹೆಚ್ಚು. ಪದಕ ಎಷ್ಟು ಬೇಕು ಎಂದು ಲೆಕ್ಕ ಹಾಕಿದಾಗ ಎದೆ ಧಸಕ್ಕೆಂದಿತು. ಗುಂಪಿಗೆ ಮೂರು ಎಂದರೂ ನಲವತ್ತು. ಪದಕ ಬಿಟ್ಟು ಪೆನ್ನು, ಕಂಪಾಸ್ ಬಾಕ್ಸ್ ಕೊಟ್ಟೆ. ಬಟ್ಟೆ ಬದಲಾಯಿಸುವ ಜಾಗದ್ದೇ ದೊಡ್ಡ ಸಮಸ್ಯೆ. ಅಡಿಕೆ ದಬ್ಬೆ ಕಟ್ಟಿ, ತೆಂಗಿನ ಮಡಲು ಹೆಣೆದು ಮೂರು ಸಣ್ಣ ಮರೆ ಮಾಡಿದೆವು. ಒಂದಕ್ಕೆ ಒಬ್ಬರೇ, ಯಾರು ಬೇಕಾದರೂ. ಮಧ್ಯಾಹ್ನದ ಗಾಳಿಗೆ ಒಂದು ಬಿತ್ತು, ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ಎಲ್ಲ ಸೇರಿ ನಾಲ್ಕು ಸಾವಿರದೊಳಗೆ. ಅದರಲ್ಲಿ ಎರಡು ಸಾವಿರ ಗೋವಾದಲ್ಲಿರುವ ಹಳೆ ವಿದ್ಯಾರ್ಥಿ ಕೊಟ್ಟ. ಉಳಿದದ್ದು ನನ್ನ ಜೇಬು. ಹೆಂಡತಿಗೆ ಇನ್ನೂ ಪೂರ್ತಿ ಲೆಕ್ಕ ಹೇಳಿಲ್ಲ.

ನಡುವೆ ಎರಡು ಅಡ್ಡ ಪ್ರಯೋಗ ಮಾಡಿದೆ. ಆಸ್ಟ್ರೇಲಿಯಾದ ಸ್ಟಾವೆಲ್ ಗಿಫ್ಟ್ ಎಂಬ ಓಟ 1878ರಿಂದ ನಡೆಯುತ್ತಿದೆ. ಅಲ್ಲಿ ನಿಧಾನದವರು ಕೆಲವು ಮೀಟರ್ ಮುಂದೆ ನಿಂತು ಹೊರಡುತ್ತಾರೆ. ನಾನೂ ಹಾಗೇ ಮಾಡಿದೆ. ಮಕ್ಕಳಿಗೆ ಬಲು ಖುಷಿ. ನೋಡಲು ಬಂದವರಿಗೆ ಮಾತ್ರ ಮೋಸದಂತೆ ಕಂಡಿತು. ಅದನ್ನು ಕೊನೆಯ ಮಜಾ ಓಟಕ್ಕೆ ಮಾತ್ರ ಉಳಿಸಿಕೊಂಡೆ. ಎರಡನೆಯದು ಕಡಲ ಬದಿಯ ಟ್ರಯಲ್. ಇಳಿತದ ಹೊತ್ತಿನ ಒದ್ದೆ ಉಸುಕಿನಲ್ಲಿ ಟೈಮ್ ಹೆಚ್ಚು ಬದಲಾಗಲಿಲ್ಲ. ಮೇಲಿನ ಒಣ ಉಸುಕಿನಲ್ಲಿ ಮೊದಲ ಗುಂಪಿನ ಹುಡುಗರೂ ಐದನೇ ಗುಂಪಿನವರ ಹಾಗೆ ತೂರಾಡಿದರು. ಇನ್ನಷ್ಟು ನೋಡುವ ಆಸೆ ಇತ್ತು. ಅಷ್ಟರಲ್ಲಿ ಒಂದು ಸ್ಟಾಪ್‌ವಾಚ್ ಉಪ್ಪುನೀರಿಗೆ ಬಿತ್ತು. ನಾನೂರೈವತ್ತು ಹೋಯಿತು, ಪ್ರಯೋಗ ನಿಂತಿತು.

ಈಗ ಅವಳ ವಿಷಯ. ಎಲ್ಲರೂ ಹೆದರಿದ್ದೇನು? ಎಲ್ಲ ಪದಕ ಅವಳೇ ಹೊಡೆಯುತ್ತಾಳೆ ಅಂತ, ಅಲ್ವಾ? ಟ್ರಯಲ್ ಟೈಮ್ ಬಂದಾಗ ಅವಳು ಬಿದ್ದಿದ್ದು ನಾಲ್ಕನೇ ಗುಂಪಿಗೆ. 13 ಸೆಕೆಂಡಿನ ಆಚೀಚೆ. ಆ ತಾಯಿಯ ಮಗಳು ಮೊದಲ ಗುಂಪಿನಲ್ಲಿ, ಮೂವರು ಹುಡುಗರ ಜೊತೆ. ಓಟದ ದಿನ ಆ ಹುಡುಗಿ ಇಬ್ಬರನ್ನು ಹಿಂದೆ ಹಾಕಿದಳು. ಇವಳು ತನ್ನ ಗುಂಪಿನಲ್ಲಿ ಎರಡನೆಯವಳು, ಟ್ರಯಲ್‌ಗಿಂತ ಅರ್ಧ ಸೆಕೆಂಡು ಬೇಗ. 3 ಮತ್ತು 2, ಐದು ಅಂಕ. ಈ ಸಲ ಚಪ್ಪಾಳೆ ಎಲ್ಲರಿಗೂ ಬಿದ್ದಷ್ಟೇ ಬಿತ್ತು. ಬುಟ್ಟಿಯ ತಾಯಿ ಸಂಜೆ ಬಂದು, ‘ನನ್ನ ಮಗಳ ಟೈಮ್ ಒಂದು ಚೀಟಿಯಲ್ಲಿ ಬರೆದುಕೊಡಿ ಮಾಸ್ತರೇ’ ಎಂದರು. ಇವಳ ಮಾತೇ ಎತ್ತಲಿಲ್ಲ.

ಇದರಿಂದ ವಾದ ಮುಗಿಯಿತು ಎನ್ನುವಷ್ಟು ದಡ್ಡ ನಾನಲ್ಲ. ಇವಳೇ ಮೊದಲ ಗುಂಪಿನಲ್ಲಿ ಇದ್ದಿದ್ದರೆ? ಇದ್ದರೂ ನಮ್ಮ ಶಾಲೆಯಲ್ಲಿ ತೊಂದರೆ ಇಲ್ಲ, ತನ್ನಷ್ಟೇ ಓಡುವವರ ಜೊತೆ ಓಡುತ್ತಾಳೆ. ವಲಯ ಮಟ್ಟಕ್ಕೆ ಹೋದರೆ ನನ್ನ ವಿದ್ಯೆ ನಡೆಯುವುದಿಲ್ಲ. ಅಲ್ಲಿರುವುದು ಎರಡೇ ಸಾಲು, ಹುಡುಗರದೊಂದು, ಹುಡುಗಿಯರದೊಂದು. ಸರ್ಟಿಫಿಕೇಟಿಗೆ ಬೆಲೆ ಇರುವ ಜಾಗ ಅದು. ಮುಂದೆ ತಾಲೂಕು, ಜಿಲ್ಲೆ, ಬೆಳಗಾವಿ ವಿಭಾಗ ಎಂದು ಏಣಿ ಏರುತ್ತದೆ. ಯಾವ ಸಾಲಿಗೆ ಹೆಸರು ಬರೆಯಲಿ ಎಂದು ಒಂದು ಕಚೇರಿಯಲ್ಲಿ ಕೇಳಿದೆ. ಬಾಯಿಮಾತಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು, ಬರೆದು ಯಾರೂ ಕೊಡಲಿಲ್ಲ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ 2019ರ ಕಾಯ್ದೆಯಲ್ಲಿ ಜಿಲ್ಲಾಧಿಕಾರಿಯಿಂದ ಗುರುತಿನ ಪತ್ರ ಪಡೆಯುವ ದಾರಿ ಇತ್ತು. ಮಕ್ಕಳಾದರೆ ಅಪ್ಪ ಅಮ್ಮ ಅರ್ಜಿ ಹಾಕಬೇಕಿತ್ತು. ಅಪ್ಪ ದೋಣಿಯಲ್ಲಿ ಕೆಲಸಕ್ಕೆ ಹೋಗುವವರು. ‘ಮುಂದೆ ನೋಡುವಾ ಮಾಸ್ತರೇ’ ಎಂದು ಕೈ ಮುಗಿದರು. ಒತ್ತಾಯ ಮಾಡಲಿಲ್ಲ. ಅವಳನ್ನು ಕೇಳಿದರೆ ‘ಅಲ್ಲಿ ಬೇಡ ಸರ್, ಇಲ್ಲಿ ಸಾಕು’ ಎಂದಳು. ಸಾಕು ಎಂದಿದ್ದು ನಿಜವೋ ಹೆದರಿಕೆಯೋ, ಹದಿಮೂರು ವರ್ಷದ ಮುಖದಲ್ಲಿ ಓದಲು ನನಗೆ ಬರಲಿಲ್ಲ.

ಜೂನಿನಲ್ಲಿ ಅವಳು ಹೈಸ್ಕೂಲಿಗೆ ಹೋಗುತ್ತಾಳೆ. ಅಲ್ಲಿಯ ಮಾಸ್ತರು ನನಗೆ ಪರಿಚಯ, ಹಳೇ ಪದ್ಧತಿಯವರು. ಗುಂಪಿನ ಲೆಕ್ಕ ಬರೆದ ಪಟ್ಟಿಯ ಪುಸ್ತಕ, ಒಳ್ಳೆಯ ಸ್ಥಿತಿಯಲ್ಲಿರುವ ಒಂದು ಸ್ಟಾಪ್‌ವಾಚ್ ಎರಡನ್ನೂ ಅವರಿಗೆ ಕೊಟ್ಟು ಬರಬೇಕು ಎಂದುಕೊಂಡಿದ್ದೇನೆ. ಕಿಲಾಡಿಗಳನ್ನು ಹಿಡಿಯುವ ಉಪಾಯವನ್ನೂ ಅವರಿಗೆ ಹೇಳಿಬಿಡುತ್ತೇನೆ. ಅವರೊಬ್ಬರಿಗೆ ಮಾತ್ರ.