ಮೆಟ್ಟಿಲು ತೊಳೆಯುವ ಸರದಿ, ಹ್ಯಾಬಿ ಛಂದಸ್ಸಿನಲ್ಲಿ

ಸ್ಕಾಟ್ಲೆಂಡಿನ ಹಳೆ ಕಲ್ಲಿನ ವಠಾರಗಳಲ್ಲಿ ಮೆಟ್ಟಿಲು ತೊಳೆಯುವ ಸರದಿ ಬಂದವರ ಬಾಗಿಲಿಗೆ ಒಂದು ರಟ್ಟು ತೂಗುಹಾಕುವ ರೂಢಿ ಇತ್ತು. ಕೆಲವು ಕಡೆ ಈಗಲೂ ಇದೆ. ನಾನು ಕಂಡ ರಟ್ಟು 'ಇಟ್ ಈಸ್ ಯುವರ್ ಟರ್ನ್' (ಈಗ ನಿಮ್ಮ ಸರದಿ) ಅಂತ ಶುರುವಾಗುತ್ತಿತ್ತು. ಆ ನಾಲ್ಕು ಪದ ಹಿಡಿದುಕೊಂಡೇ ಅಲ್ಲಿನ ಸ್ಕಾಟ್ಸ್ ಭಾಷೆ, ಇಂಗ್ಲಿಷ್ ಬೆರೆಸಿ ಒಂದು ಕವಿತೆ ಕಟ್ಟಿದೆ.

ಛಂದಸ್ಸು ಹಳೆಯದು, ಸ್ಟ್ಯಾಂಡರ್ಡ್ ಹ್ಯಾಬಿ. 17ನೇ ಶತಮಾನದಲ್ಲಿ ಕಿಲ್ಬಾರ್ಕನ್ ಊರಿನ ಬ್ಯಾಗ್‌ಪೈಪ್ ವಾದಕ ಹ್ಯಾಬಿ ಸಿಂಪ್ಸನ್ ಮೇಲೆ ಬರೆದ ಶೋಕಗೀತೆಯಿಂದ ಬಂದ ಹೆಸರು. ಮುಂದೆ ಸ್ಕಾಟಿಷ್ ಕವಿ ರಾಬರ್ಟ್ ಬರ್ನ್ಸ್ ಇದನ್ನು ಮನೆಮಾತು ಮಾಡಿದರು. ನುಡಿಗೆ ಆರು ಸಾಲು. ನಮ್ಮ ಷಟ್ಪದಿಯಲ್ಲಿ 3, 6ನೇ ಸಾಲು ಉದ್ದ. ಇಲ್ಲಿ 4, 6ನೇ ಸಾಲು ಮೋಟು. ಉದ್ದ ಸಾಲಿಗೆ ನಾಲ್ಕು ಒತ್ತು (ಒತ್ತಿ ಉಚ್ಚರಿಸುವ ಜಾಗ), ಮೋಟು ಸಾಲಿಗೆ ಎರಡು.

ಉದ್ದ ಸಾಲು ನಾಲ್ಕಕ್ಕೂ ಒಂದೇ ಅಂತ್ಯಪ್ರಾಸ ಬೇಕು. ಇಂಗ್ಲಿಷಿನಲ್ಲಿ ಅದೇ ತಲೆನೋವು. 'ಸ್ನೋ', 'ಟೂ', 'ಅವೇ', 'ಫಾಲ್' ಒಂದಕ್ಕೊಂದು ಕೂಡುವುದೇ ಇಲ್ಲ. ಸ್ಕಾಟ್ಸ್‌ನಲ್ಲಿ ಇವೇ ಪದಗಳು 'ಸ್ನಾ', 'ಟ್ವಾ', 'ಅವಾ', 'ಫಾ'. ಹಿಮ ಬೀಳುವ ಮೊದಲ ನುಡಿಗೆ ನಾಲ್ಕೂ ಪ್ರಾಸ ಸಲೀಸಾಗಿ ಬಂದವು. ನಿಘಂಟು ಅಗೆದು ಪದ ತಂದವರು ಸ್ಕಾಟಿಷ್ ಕವಿ ಹ್ಯೂ ಮ್ಯಾಕ್‌ಡಿಯರ್ಮಿಡ್. ನನಗೆ ಅದು ಒಗ್ಗುವುದಿಲ್ಲ. ಜನರ ಬಾಯಲ್ಲಿ ಕೇಳದ ಪದವನ್ನು ನಾನು ಹಾಕುವುದಿಲ್ಲ.

ಪ್ರಯೋಗವೆಲ್ಲ ಮೋಟು ಸಾಲಿನಲ್ಲಿ. ಉಪಾಯ ಸ್ಕಾಟಿಷ್ ಕವಿ ಎಡ್ವಿನ್ ಮಾರ್ಗನ್ ಅವರದು. ಅಮೆರಿಕದ ಸಂಗೀತ ಸಂಯೋಜಕ ಜಾನ್ ಕೇಜ್ ಹೇಳಿದ 14 ಪದಗಳ ಒಂದು ಮಾತನ್ನು ಮಾರ್ಗನ್ 14 ಸಾಲಿನಲ್ಲಿ 14 ಬಗೆಯಾಗಿ ಅದಲುಬದಲು ಮಾಡಿದ್ದಾರೆ. ಸಾನೆಟ್ಟಿಗೂ 14 ಸಾಲೇ ಅಲ್ವಾ! ರಟ್ಟಿನ ನಾಲ್ಕು ಪದಗಳನ್ನು 24 ರೀತಿ ಜೋಡಿಸಬಹುದು. ಎಲ್ಲವನ್ನೂ ಜೋರಾಗಿ ಓದಿ, ಲಯ ಕುಂಟಿದ್ದನ್ನು ಹೊಡೆದುಹಾಕಿದೆ. 'ಇಟ್ ಈಸ್ ಯುವರ್ ಟರ್ನ್' ಅಪ್ಪಣೆ. 'ಈಸ್ ಇಟ್ ಯುವರ್ ಟರ್ನ್' ಅಂದರೆ ಜಗಳ ಶುರು. 'ಯುವರ್ ಟರ್ನ್ ಇಟ್ ಈಸ್' ಅಂದರೆ ಪಕ್ಕದ ಮನೆಯವರ ಕೊಂಕು. 'ಟರ್ನ್'ಗೆ ಪ್ರಾಸವಾಗಿ 'ಬರ್ನ್' ಸಿಕ್ಕಿತು, ಸ್ಕಾಟ್ಸ್‌ನಲ್ಲಿ ತೊರೆ. ತೊಳೆದ ನೀರು ಮೆಟ್ಟಿಲಿಳಿದು ಹರಿಯುವುದಕ್ಕೆ ಸರಿಹೋಯಿತು.

ಕೊನೆಯ ನುಡಿಯಲ್ಲಿ ಉದ್ದ ಸಾಲುಗಳನ್ನೆಲ್ಲ ತೆಗೆದು ಜಾಗ ಮಾತ್ರ ಬಿಟ್ಟೆ. ಅಷ್ಟು ಹೊತ್ತಿಗೆ ಕೇಳುವವರ ಕಿವಿಯಲ್ಲಿ ಲಯ ಕೂತಿರುತ್ತದೆ. ಖಾಲಿ ಸಾಲು ಬಂದಾಗ ನಾನು ಮೇಜಿನ ಮೇಲೆ ಬೆರಳು ತಟ್ಟುತ್ತೇನೆ, ಎದುರಿದ್ದವರ ಕಾಲೂ ತಟ್ಟತೊಡಗುತ್ತದೆ. ಮೊದಲ ನುಡಿಗಳಲ್ಲಿ ಅಳತೆ ಸಡಿಲವಾಗಿದ್ದರೆ ಈ ಆಟ ನಡೆಯುವುದಿಲ್ಲ. ಮೊಬೈಲಿನಲ್ಲಿ ಮಾತ್ರ ಖಾಲಿ ಜಾಗ ಸುಮ್ನೆ ಕುಗ್ಗಿಹೋಗುತ್ತದೆ. ಅದಕ್ಕೇ ಅಲ್ಲಿ ಒತ್ತಿಗೊಂದು ಚುಕ್ಕಿ ಇಟ್ಟಿದ್ದೇನೆ, ಸಾಲಿಗೆ ನಾಲ್ಕು.